ರಕ್ಷಾಳ ಫೋಟೋದ ಕೆಳಗಿನ ಊರು

ಚನ್ನಗಿರಿ ಬಸ್ ನಿಲ್ದಾಣದಿಂದ ಹೊರಗೆ ಬಂದವರು ತಲೆ ಎತ್ತಿದರೆ ಮೊದಲು ಕಾಣುವುದು ಕೆಂಚೇಶನ ಕೈಕೆಲಸ. ಹುಟ್ಟುಹಬ್ಬದ ಹುಡುಗರು, ನಾಯಕರಿಗೆ ಸ್ವಾಗತ ಕೋರುವ ಹುಡುಗರು, ನಿನ್ನೆ ಮೊನ್ನೆ ತೀರಿಕೊಂಡ ಹಿರಿಯರು, ಎಲ್ಲರೂ ಅಕ್ಕಪಕ್ಕದ ಫ್ಲೆಕ್ಸುಗಳಲ್ಲಿ ನಿಂತು ನಗುತ್ತಿರುತ್ತಾರೆ. ಅವರನ್ನೆಲ್ಲ ಬೆಳ್ಳಗೆ ಮಾಡಿದವನು ಕೆಂಚೇಶ. ಬೋಳು ತಲೆಗೆ ಕೂದಲು ಕೊಟ್ಟವನು, ಜೀವಮಾನದಲ್ಲಿ ಅಂಗಿಯ ಗುಂಡಿ ಹಾಕದ ಅಜ್ಜಂದಿರಿಗೆ ಸತ್ತ ಮಾರನೆಯ ದಿನ ಕೋಟು ತೊಡಿಸಿದವನು ಅವನೇ. ಮನೆಯವರು ಫ್ಲೆಕ್ಸು ಬಿಚ್ಚಿ ನೋಡಿ, ಇವರು ಯಾರೆಂದು ಗಳಿಗೆ ಹೊತ್ತು ಗುರುತು ಹತ್ತದೆ ನಿಂತು, ಆಮೇಲೆ ಅಳಲು ಶುರುಮಾಡುತ್ತಿದ್ದರು.

ಇವನು ಓದಿದ್ದು ಎಂ.ಎ., ಅದೂ ಇತಿಹಾಸದಲ್ಲಿ. ಹುಟ್ಟಿದ್ದು ಜಗಳೂರು ಸೀಮೆಯ ಹಳ್ಳಿಯಲ್ಲಿ. ಅಪ್ಪ ಲಾರಿ ಡ್ರೈವರ್. ಮಗ ಕೂತು ತಿನ್ನುವ ಕೆಲಸ ಹಿಡಿಯಲಿ ಎಂಬುದೊಂದೇ ಅವರ ಆಸೆ. ಮಗ ಎಫ್‌ಡಿಎ ಬರೆದ, ಎಸ್‌ಡಿಎ ಬರೆದ, ಪಿಡಿಒ ಬರೆದ. ಕಟ್ ಆಫ್ ಪ್ರತಿ ಸಲವೂ ಅವನನ್ನು ನೋಡಿದ ಮೇಲೆ ಒಂದು ಮೆಟ್ಟಿಲು ಮೇಲೆ ಹತ್ತಿ ಕೂರುತ್ತಿತ್ತು. ಸಂತೇಬೆನ್ನೂರಿನಲ್ಲಿ ಅತಿಥಿ ಉಪನ್ಯಾಸಕನಾಗಿ ಶಾತವಾಹನರ ಪಾಠ ಮಾಡಿದ. ಸಂಬಳವೂ ಶಾತವಾಹನರ ಕಾಲದ್ದೇ ಆಗಿತ್ತು. ಕಡೆಗೆ ಹೆಂಡತಿ ನಾಗರತ್ನಳ ತವರೂರಾದ ಚನ್ನಗಿರಿಗೆ ಬಂದು ಈ ಫ್ಲೆಕ್ಸಿನ ಅಂಗಡಿ ಹಾಕಿದ. ಕೂತು ತಿನ್ನುವ ಕೆಲಸವೇ ಸಿಕ್ಕಿತು ಎಂದು ಅಪ್ಪ ಸಮಾಧಾನಪಟ್ಟರು. ಅವನಿಗೂ ಈಗ ಬೇಜಾರೇನಿಲ್ಲ. ಊರಿನ ಮುಖಗಳೆಲ್ಲ ಅವನ ಕಂಪ್ಯೂಟರಿನೊಳಗಿವೆ, ಇದೂ ಒಂದು ಇತಿಹಾಸವೇ ಎಂದು ನಾಗರತ್ನಳ ಮುಂದೆ ಹೇಳಿಕೊಳ್ಳುತ್ತಾನೆ. ಅವಳು ಲ್ಯಾಮಿನೇಷನ್ ಕೆಲಸ ಬಿಟ್ಟು ತಲೆ ಎತ್ತುವುದಿಲ್ಲ.

ವರ್ಷಕ್ಕೊಮ್ಮೆ ಮಾತ್ರ ಓದಿದ ಡಿಗ್ರಿಗೆ ಸಂಬಂಧಪಟ್ಟ ಕೆಲಸವೊಂದು ಅವನ ಪಾಲಿಗೆ ಬರುತ್ತದೆ. ಅವನ ಎಂ.ಎ. ತರಗತಿಯವರು ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಸೂಳೆಕೆರೆಯ ಏರಿಯ ಬಳಿ ಸೇರುತ್ತಾರೆ. ಅಂದು ಕಟ್ಟುವ ಫ್ಲೆಕ್ಸು ಕೆಂಚೇಶನದು. ಒಬ್ಬೊಬ್ಬರ ಫೋಟೋ, ಅದರ ಕೆಳಗೆ ಹೆಸರು, ಈಗಿನ ಕೆಲಸ, ಈಗಿರುವ ಊರು. ಬಂದವರು ಮೊದಲು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಫ್ಲೆಕ್ಸು ನೋಡುತ್ತಾರೆ. ಯಾರಿಗೆ ಬಡ್ತಿಯಾಯಿತು, ಯಾರಿಗೆ ವರ್ಗವಾಯಿತು, ಯಾರು ಇನ್ನೂ ಅಲ್ಲೇ ಇದ್ದಾರೆ, ಅದನ್ನು ನೋಡಿಕೊಂಡ ಮೇಲೆಯೇ ಯಾರ ಹೆಗಲ ಮೇಲೆ ಎಷ್ಟು ಜೋರಾಗಿ ಕೈ ಹಾಕಬೇಕು ಎಂಬುದು ತೀರ್ಮಾನವಾಗುತ್ತದೆ. ತೀರಿಕೊಂಡವರೂ ಅದರಲ್ಲಿ ಇದ್ದಾರೆ. ಅವರನ್ನು ತೆಗೆಯಬಾರದೆಂದು ಎಲ್ಲರೂ ಒಪ್ಪಿದ್ದರು. ಅವರ ಫೋಟೋಗೆ ಎಡಕ್ಕೊಂದು ಬಲಕ್ಕೊಂದು ದೀಪ ಬರುತ್ತದೆ, ಕೆಲಸದ ಸಾಲು ಹೋಗುತ್ತದೆ, ಊರು ಉಳಿಯುತ್ತದೆ. ಹುಟ್ಟಿದ ಊರಲ್ಲ, ಮಣ್ಣಾದ ಊರು.

ಇರುವವರ ಲೆಕ್ಕಕ್ಕೂ ಹೋದವರ ಲೆಕ್ಕಕ್ಕೂ ಸಿಗದೆ ಉಳಿದವಳು ರಕ್ಷಾ.

ಜಗಳೂರು ತಾಲ್ಲೂಕಿನ ಹುಡುಗಿ. ತಾಯಿ ಮೂಕಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ, ತಂದೆ ಚಿಕ್ಕಹನುಮಂತಪ್ಪ ಪಂಚಾಯಿತಿಯ ನೀರುಗಂಟಿ. ಆ ಕೇರಿಯಲ್ಲಿ ಎಂ.ಎ.ವರೆಗೆ ಬಂದ ಮೊದಲ ಹೆಣ್ಣುಮಗಳು. ಕೊನೆಯ ಪರೀಕ್ಷೆ ಮುಗಿದ ಮರುದಿನ ತರಗತಿಯವರೆಲ್ಲ ಒಂದು ಬಸ್ಸು ಮಾಡಿಕೊಂಡು ಸೂಳೆಕೆರೆಗೆ ಬಂದಿದ್ದರು. ಊಟವಾದ ಮೇಲೆ ರಕ್ಷಾ ಕೈ ತೊಳೆಯಲು ನೀರಿನ ಕಡೆ ಇಳಿದಳು. ಹೊರಡುವ ಹೊತ್ತಿಗೆ ಅವಳಿರಲಿಲ್ಲ. ಬೆಳಗ್ಗೆಯಿಂದಲೂ ಕತ್ತಲಾಗುವುದರೊಳಗೆ ಊರು ಸೇರಬೇಕೆಂದು ಹೇಳುತ್ತಲೇ ಇದ್ದಳಾದ್ದರಿಂದ, ತ್ಯಾವಣಿಗೆ ಬಸ್ಸು ಹತ್ತಿ ಹೋಗಿರಬೇಕು ಎಂದು ಯಾರೋ ಅಂದರು. ಹೌದು ಹೌದು, ಬಸ್ಸು ನಿಂತಿತ್ತು ಎಂದು ಇನ್ನಾರೋ ಅಂದರು. ಅವಳ ಬಗ್ಗೆ ಹುಟ್ಟಿದ ಮೊದಲ ಸುದ್ದಿ ಅದೇ.

ಆಮೇಲೆ ಪೊಲೀಸರು ಬಂದರು, ತೆಪ್ಪದವರು ಬಲೆ ಬೀಸಿ ನೋಡಿದರು. ಸಮುದ್ರದಂಥ ಕೆರೆ; ಅದು ಕೊಡಬೇಕೆಂದರೆ ಕೊಡುತ್ತದೆ, ಇಲ್ಲವೆಂದರೆ ಇಲ್ಲ. ಏನೂ ಸಿಗಲಿಲ್ಲ. ಸಿಗದಿದ್ದರೆ ಬದುಕಿದ್ದಾಳೆ ಎಂದೇ ಅರ್ಥ, ಬದುಕಿರುವವಳ ಹೆಸರಿನಲ್ಲಿ ದೀಪ ಹಚ್ಚುವಂತಿಲ್ಲ ಎಂದು ಚಿಕ್ಕಹನುಮಂತಪ್ಪ ಮನೆಯಲ್ಲಿ ಕಟ್ಟುಮಾಡಿದರು. ಮೂಕಮ್ಮ ಬುದ್ಧನ ಫೋಟೋದ ಮುಂದೆ ದಿನವೂ ದೀಪ ಹಚ್ಚುತ್ತಿದ್ದರು, ಮಗಳಿಗಾಗಿ ಮಾತ್ರ ಹಚ್ಚಲಿಲ್ಲ. ಬದಲಿಗೆ ಮಗಳ ಜೊತೆಯವರು ಎಲ್ಲಿ ಕಂಡರೂ ಕೈ ಹಿಡಿದು ನಿಲ್ಲಿಸಿ, ನಮ್ಮ ರಕ್ಷಾ ಎಲ್ಲಿದ್ದಾಳೆ ಎಂದು ಕೇಳತೊಡಗಿದರು.

ಮೊದಲನೆಯ ಕೂಟದ ಫ್ಲೆಕ್ಸಿನಲ್ಲಿ ರಕ್ಷಾಳ ಫೋಟೋ ಕೆಳಗೆ ಹೆಸರಿತ್ತು, ಅದರ ಕೆಳಗೆ ಏನೂ ಇರಲಿಲ್ಲ. ಮಗಳ ಸುದ್ದಿ ಕೇಳಲು ಅಂಗಡಿಗೆ ಬಂದ ಮೂಕಮ್ಮ ಅದನ್ನು ನೋಡಿದರು. ಓದಲು ಬರದಿದ್ದರೂ ಎಲ್ಲರ ಕೆಳಗಿರುವುದು ಮಗಳ ಕೆಳಗಿಲ್ಲ ಎಂಬುದು ಅವರಿಗೆ ಗೊತ್ತಾಯಿತು. ಬೆರಳಿನಿಂದ ಆ ಖಾಲಿ ಜಾಗವನ್ನು ಸವರಿ ಹೋದರು.

ಮರುವರ್ಷ ಬಂದಾಗ ಮೂಕಮ್ಮನ ಮುಖದಲ್ಲಿ ಬೆಳಕಿತ್ತು. ರಕ್ಷಾ ಹೊನ್ನಾಳಿಯಲ್ಲಿದ್ದಾಳಂತೆ, ಯಾವುದೋ ಖಾಸಗಿ ಶಾಲೆಯಲ್ಲಿ ಮಿಸ್ಸಂತೆ. ಹೊನ್ನಾಳಿಯಲ್ಲೇ ನೌಕರಿಯಲ್ಲಿರುವ ಮಹೇಶ್ವರಪ್ಪ, ಕೆಂಚೇಶನ ತರಗತಿಯವನೇ, ಬಾಯಿಬಿಟ್ಟು ಹೇಳಿದನಂತೆ. ಕೆಂಚೇಶ ಸಂತೋಷದಿಂದ ಬರೆದ: ಶಿಕ್ಷಕಿ, ಹೊನ್ನಾಳಿ. ಕೂಟದಲ್ಲಿ ಎಲ್ಲರೂ ಅದನ್ನು ಓದಿದರು, ಸದ್ಯ ಎಂದರು. ಮಹೇಶ್ವರಪ್ಪನೂ ಓದಿದ, ಏನೂ ಅನ್ನಲಿಲ್ಲ. ಅದರ ಮುಂದಿನ ಸಲ ನ್ಯಾಮತಿ ಎಂದಾಯಿತು. ಅಲ್ಲಿ ಹೈಸ್ಕೂಲಿನಲ್ಲಿರುವ ರಮ್ಯಶ್ರೀ ಹೇಳಿದ ಸುದ್ದಿ: ರಕ್ಷಾ ಈಗ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ವಾರ್ಡನ್. ಆಮೇಲೆ ಕಂಡವರು ಹೆಚ್ಚಾದರು. ಒಬ್ಬರಿಗೆ ತುಂಗಭದ್ರೆಯ ಸೇತುವೆಯ ಮೇಲೆ ಬಸ್ಸಿನ ಕಿಟಕಿಯಲ್ಲಿ ಕಂಡಳು, ಇನ್ನೊಬ್ಬರಿಗೆ ಸಂತೆಯಲ್ಲಿ ಬೆನ್ನು ಕಂಡಿತು. ಮಾತಾಡಿಸಿದವರು ಮಾತ್ರ ಯಾರೂ ಇಲ್ಲ. ಮೂಕಮ್ಮ ಹುಡುಕಿಕೊಂಡು ಹೋದಲ್ಲೆಲ್ಲ ಮಗಳು ಆಗಲೇ ಬೇರೆ ಊರಿಗೆ ಹೋಗಿರುತ್ತಿದ್ದಳು.

ಕೆಂಚೇಶ ತಪ್ಪು ಮಾಡಿದ್ದು ಇಲ್ಲಿ. ಫ್ಲೆಕ್ಸಿನ ಕಸುಬಿನವನಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು. ಉಳಿದವರೆಲ್ಲ ವರ್ಷವರ್ಷ ಹೊಸ ಫೋಟೋ ಕಳಿಸುತ್ತಿದ್ದರು. ಒಬ್ಬನಿಗೆ ಹೊಟ್ಟೆ, ಒಬ್ಬನಿಗೆ ನರೆ. ನಡುವೆ ರಕ್ಷಾ ಒಬ್ಬಳು ಹಾಲ್ ಟಿಕೆಟ್ಟಿನ ಫೋಟೋದಲ್ಲಿ ಚೂಡಿದಾರ್ ಹಾಕಿಕೊಂಡು ಹಾಗೇ ನಿಂತಿದ್ದಳು. ನೋಡಿದವರಿಗೆ ಕಸಿವಿಸಿಯಾಗುತ್ತಿತ್ತು. ಅಜ್ಜಂದಿರಿಗೆ ಕೋಟು ಹಾಕುವ ಕೈ ಸುಮ್ಮನಿರಲಿಲ್ಲ. ತನ್ನಲ್ಲಿದ್ದ ರೆಡಿಮೇಡ್ ಚಿತ್ರಗಳಲ್ಲಿ ಒಂದು ಕಾಫಿ ಬಣ್ಣದ, ಹಸಿರು ಅಂಚಿನ ಸೀರೆ ತೆಗೆದು ಭುಜದವರೆಗೆ ಉಡಿಸಿದ. ಕನ್ನಡಕ ಇಟ್ಟ. ಗಲ್ಲ ಒಂದಿಷ್ಟು ತುಂಬಿಸಿದ. ಹಾಸ್ಟೆಲ್ ವಾರ್ಡನ್ ಹೇಗಿರಬೇಕೋ ಹಾಗೇ ಆದಳು. ಮುಗಿದ ಮೇಲೆ ಪರದೆಯನ್ನು ನೋಡಿದರೆ ಅವಳು ತನ್ನನ್ನೇ ಏನೋ ಕೇಳಲು ಬಾಯಿ ತೆರೆಯುವಂತಿದ್ದಳು. ಅವನು ಬೇಗ ಫೈಲು ಮುಚ್ಚಿದ.

ಈ ವರ್ಷ ದಸರಾ ಕಳೆಯುತ್ತಲೇ ಮೂಕಮ್ಮ ಫೋನು ಮಾಡಿದರು. ಈ ಸಲ ತಾವೂ ಕೂಟಕ್ಕೆ ಬರುತ್ತಾರಂತೆ. ಅಷ್ಟು ಜನರ ಕಣ್ಣಿಗೆ ಬೀಳುವ ಮಗಳು ಹೆತ್ತವಳಿಗೆ ಒಂದು ಸಲ ಕಾಣಬೇಕಲ್ಲ, ಕಂಡವರು ಕರೆದುಕೊಂಡು ಬನ್ನಿ ಎಂದರು. ಬೈದಿದ್ದರೆ ಚೆನ್ನಾಗಿತ್ತು, ಬೇಡಿಕೊಂಡರು. ರಕ್ಷಾಳನ್ನು ತಾಯಿಯ ಮುಂದೆ ನಿಲ್ಲಿಸಬೇಕು, ಇಲ್ಲವೇ ಅವಳಿಲ್ಲ ಎಂದು ಹೇಳಬೇಕು. ಮೂರನೆಯ ದಾರಿ ಇರಲಿಲ್ಲ. ಮಹೇಶ್ವರಪ್ಪನಿಗೆ ಫೋನು ಹಚ್ಚಿ, ನೀನು ಅವಳನ್ನು ನೋಡಿದ ಶಾಲೆ ಯಾವುದೆಂದು ಕೇಳಿದ.

"ನಾನು ನೋಡೇ ಇಲ್ಲ ಕಣೋ," ಎಂದ ಮಹೇಶ್ವರಪ್ಪ. "ಜಗಳೂರು ಬಸ್ ಸ್ಟ್ಯಾಂಡ್‌ನಾಗೆ ಆಯಮ್ಮ ಕೈ ಹಿಡ್ಕಂಡು ಬಿಡಲಿಲ್ಲ. ಏನಾರ ಒಂದು ಹೇಳಬೇಕಿತ್ತು. ನನ್ನ ಬಾಯಾಗೆ ನನ್ನ ಊರೇ ಬಂತು. ನೀನು ಅದನ್ನ ಫ್ಲೆಕ್ಸಾಗೆ ಹಾಕ್ತೀಯ ಅಂತ ನಂಗೇನು ಗೊತ್ತು."

ರಮ್ಯಶ್ರೀಯದೂ ಅದೇ ಕಥೆ. ಮೂಕಮ್ಮ ಹೊನ್ನಾಳಿಯ ಶಾಲೆಗಳನ್ನೆಲ್ಲ ಸುತ್ತಿ ಸೋತು ಕೂತಿದ್ದಾಗ ಸಿಕ್ಕಿದ್ದರಂತೆ. ಫ್ಲೆಕ್ಸಿನಲ್ಲಿ ಹೊನ್ನಾಳಿ ಎಂದು ಓದಿದ್ದ ರಮ್ಯಶ್ರೀ ಅದನ್ನು ನಿಜವೆಂದೇ ನಂಬಿದ್ದಳು. ಅಲ್ಲಿ ಇಲ್ಲವೆಂದರೆ ವರ್ಗವಾಗಿರಬೇಕು ಎಂದುಕೊಂಡು ನ್ಯಾಮತಿಯ ಹೆಸರು ಹೇಳಿ, ಪೇಟೆಯ ಹಿಂದಿನ ಹಾಸ್ಟೆಲ್ಲೊಂದನ್ನು ತಾನೇ ಸೇರಿಸಿದಳು. ಕರುಣೆಯಿಂದಲೇ ಎಲ್ಲರೂ ಒಂದೊಂದು ಊರು ಕೊಟ್ಟಿದ್ದರು. ಇಷ್ಟು ಹೇಳಿ ರಮ್ಯಶ್ರೀ ದನಿ ಇಳಿಸಿದಳು.

"ಆದ್ರೆ ಕೆಂಚೇಶ, ಆಮೇಲೆ ನಾನು ಅವಳ್ನ ನೋಡೀನಿ. ಆ ಹಾಸ್ಟೆಲ್ ಗೇಟಿನಾಗೆ ನಿಂತಿದ್ಲು. ನಾನೇ ಕಟ್ಟಿದ ಸುಳ್ಳು, ಹೆಂಗೆ ಹತ್ರ ಹೋಗಲಿ? ತಲೆ ತಗ್ಗಿಸ್ಕಂಡು ಬಂದ್ಬಿಟ್ಟೆ."

ಕೆಂಚೇಶ ಮರುದಿನ ಬೆಳಗ್ಗೆಯ ಬಸ್ಸಿಗೇ ನ್ಯಾಮತಿಗೆ ಹೋದ. ಪೇಟೆಯ ಹಿಂದೆ ನಿಜಕ್ಕೂ ಅಂಥದೊಂದು ಹಾಸ್ಟೆಲ್ಲಿತ್ತು. ಹುಡುಗಿಯರು ಕಾಲೇಜಿಗೆ ಹೋಗಿದ್ದರು. ಅಡುಗೆಯ ಅನ್ನಪೂರ್ಣ ಎಂಬಾಕೆ ಅವರೆಕಾಯಿ ಬಿಡಿಸುತ್ತ ಮೆಟ್ಟಿಲ ಮೇಲೆ ಕೂತಿದ್ದರು. ರಕ್ಷಾ ಎಂಬುವವರು ಇಲ್ಲಿದ್ದಾರೆಯೇ ಎಂದು ಕೇಳುವಾಗ ಇಲ್ಲ ಎನ್ನಲಿ ಎಂದೇ ಅವನು ಬಯಸುತ್ತಿದ್ದ. ಇಲ್ಲ ಎಂದರೆ ಸಾಕಿತ್ತು, ಒಂದು ಚಹಾ ಕುಡಿದು ಊರಿಗೆ ಬಂದುಬಿಡಬಹುದಿತ್ತು.

"ರಕ್ಷಾ ಮೇಡಮ್ಮಾ? ಈಗ ತಾನೇ ಹೋದ್ರು ನೋಡ್ರಿ," ಎಂದರು ಅನ್ನಪೂರ್ಣ.

ಅವರು ಇಲ್ಲಿನ ವಾರ್ಡನ್ನೇ ಎಂದು ಕೇಳಿದ. ಅಲ್ಲವಂತೆ, ವಾರ್ಡನ್ ಬೇರೆ ಇದ್ದಾರಂತೆ. ಇವರು ಆಗೊಮ್ಮೆ ಈಗೊಮ್ಮೆ ಬಂದು ಆಫೀಸು ಕೋಣೆಯಲ್ಲಿ ಕೂತು ಹೋಗುತ್ತಾರೆ. ತಲೆ ತಗ್ಗಿಸಿಯೇ ಇರುತ್ತಾರೆ, ಪಾಪದವರು. ನೋಡಲು ಹೇಗಿದ್ದಾರೆ ಎಂದರೆ, ಕಾಫಿ ಬಣ್ಣದ ಸೀರೆ, ಹಸಿರು ಅಂಚು, ಕನ್ನಡಕ. ಯಾವಾಗ ಬಂದರೂ ಅದೊಂದೇ ಸೀರೆ. ಕೆಂಚೇಶ ಕೋಣೆಯೊಳಗೆ ಇಣುಕಿದ. ಸಿಮೆಂಟಿನ ನೆಲದ ಮೇಲೆ ಬಾಗಿಲಿನಿಂದ ಕುರ್ಚಿಯವರೆಗೆ ಒದ್ದೆ ಹೆಜ್ಜೆಗಳಿದ್ದವು. ಬರಿಗಾಲಿನವು. ಕುರ್ಚಿಯಿಂದ ಬಾಗಿಲಿಗೆ ಬಂದವು ಇರಲಿಲ್ಲ. ನೆಲ ಒರೆಸಿದ್ದೀರಾ ಎಂದು ಕೇಳಿದ.

"ಅವರು ಬಂದಾಗೆಲ್ಲ ಹಿಂಗೇರಿ. ಆಮ್ಯಾಕೆ ನಾನೇ ಒರೆಸ್ತೀನಿ," ಎಂದರು ಅನ್ನಪೂರ್ಣ, ಹಿಂದಿನಿಂದ. "ಬಂದು ಒಂದೇ ಮಾತು ಕೇಳಾದು. ನನ್ನ ಆರ್ಡರ್ ಬಂತಾ, ಮುಂದೆ ಯಾವ ಊರು ಅಂತ. ನಂಗೆ ಏನು ಗೊತ್ತಾಗ್ತದೆ ಹೇಳ್ರಿ. ಬರ್ತದೆ ತಗಳಮ್ಮ ಅಂತೀನಿ."

ಬಸ್ಸಿನಲ್ಲಿ ವಾಪಸು ಬರುವಾಗ ಕೆಂಚೇಶ ಕಿಟಕಿಯ ಕಡೆ ಕೂರಲಿಲ್ಲ. ಅವನಿಗೆ ಹೆದರಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಆ ಸೀರೆ ಯಾವ ಅಂಗಡಿಯದೂ ಅಲ್ಲ, ಯಾರೂ ನೇಯ್ದದ್ದೂ ಅಲ್ಲ. ಅವನ ಕಂಪ್ಯೂಟರಿನ ಹೊರಗೆ ಅದು ಎಲ್ಲೂ ಇರಲಿಲ್ಲ. ಭುಜದಿಂದ ಕೆಳಗೆ ಅವನೂ ಅದನ್ನು ನೋಡಿರಲಿಲ್ಲ.

ಕೂಟದ ಹಿಂದಿನ ದಿನ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಮೂಕಮ್ಮ ಅಂಗಡಿಗೆ ಬಂದರು. ಕೈಯಲ್ಲಿ ಟಿಫಿನ್ ಕ್ಯಾರಿಯರ್ ಇತ್ತು. ಅವರ ಮುಖ ನೋಡಿದ ನಾಗರತ್ನ ಲ್ಯಾಮಿನೇಷನ್ ಬಿಟ್ಟು ಎದ್ದು ನೀರು ತಂದುಕೊಟ್ಟಳು. ಮೂಕಮ್ಮ ಕಂಪ್ಯೂಟರಿನ ಕಡೆ ಕೈ ತೋರಿಸಿ, ಆ ಪಟ ತೆಗೆ ಎಂದರು. ತೆಗೆದ. ಕಾಫಿ ಬಣ್ಣದ ಸೀರೆಯ ರಕ್ಷಾಳನ್ನು ಅವರು ಕಣ್ಣು ಕಿರಿದು ಮಾಡಿಕೊಂಡು ನೋಡಿದರು.

"ಈ ಸೀರೆ ನೀನು ಉಡಿಸಿದ್ದಾ ಕೆಂಚೇಶಪ್ಪ?"

ಅವನು ಹೌದೆಂದು ತಲೆಯಾಡಿಸಿದ.

"ನನ್ನ ಮಗಳಿಗೆ ಸೀರೆ ಉಡಾಕೇ ಬರ್ತಿರಲಿಲ್ಲ."

ಆಮೇಲೆ ನಡೆದದ್ದನ್ನು ಹೇಳಿದರು, ಶಾಲೆಯಲ್ಲಿ ಅಕ್ಕಿ ಬಂದ ವಿಷಯ ಹೇಳುವಷ್ಟೇ ಸಮಾಧಾನದಿಂದ. ಹೋದ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಮುದ್ದೆ ತಿರುವುತ್ತಿದ್ದರಂತೆ. ಬಾಗಿಲಲ್ಲಿ ಬೆಳಕು ತಪ್ಪಿತು. ತಿರುಗಿ ನೋಡಿದರೆ ಇದೇ ಸೀರೆ, ಇದೇ ಕನ್ನಡಕ. ಸೀರೆಯ ಅಂಚಿನಿಂದ ನೀರು ಸೋರಿ ಹೊಸಿಲು ನೆನೆದಿತ್ತು. ಒಳಗೆ ಬಾ ಎಂದರು, ಬರಲಿಲ್ಲ. ಮುದ್ದೆ ಕಟ್ಟಿ ತಟ್ಟೆಗೆ ಹಾಕಿ ಹಿಡಿದರು, ಮುಟ್ಟಲಿಲ್ಲ.

"ನಂಗೆ ಹೆದರಿಕೆ ಆಗ್ಲಿಲ್ಲಪ್ಪ. ಹೊಟ್ಟೆ ಉರೀತು," ಎಂದರು ಮೂಕಮ್ಮ. "ಕಾಲೆಲ್ಲ ಧೂಳು, ಕೆಸರು. ಹೊನ್ನಾಳಿಗೆ ಹೋಗಂತೀರಿ, ಹೋಗ್ತಾಳೆ. ನ್ಯಾಮತಿ ಅಂತೀರಿ, ಅಲ್ಲಿಗೆ ಹೋಗ್ತಾಳೆ. ಕಂಡ್ವಿ ಅಂದಲ್ಲೆಲ್ಲ ಹೋಗಿ ನಿಂದರಬೇಕು ಅದು. ಅವ್ವಾ, ಮುಂದೆ ಯಾವ ಊರು ಅಂತ ಕೇಳಿತು ನನ್ನ. ಕೂಡಾಕೆ ಒಂದು ಜಾಗ ಇಲ್ಲದಂಗೆ ಮಾಡಿಬಿಟ್ಟಿವಿ ನನ್ನ ಕೂಸಿಗೆ. ನಾನೂ ಮಾಡ್ದೆ. ನಾನು ಕೇಳಿದ್ದಕ್ಕೇ ಅಲ್ವಾ ನೀವೆಲ್ಲ ಹೇಳಿದ್ದು."

ಕೆಂಚೇಶ ಅತ್ತುಬಿಟ್ಟ. ನಾಗರತ್ನ ಗೋಡೆಯ ಕಡೆ ತಿರುಗಿದಳು. ಮೂಕಮ್ಮ ಅಳಲಿಲ್ಲ, ಎಲ್ಲರ ಪಾಲಿನದನ್ನೂ ಮೊದಲೇ ಅತ್ತು ಮುಗಿಸಿದ್ದರೋ ಏನೋ. ಇನ್ನು ದೀಪ ಹಚ್ಚಲು ಚಿಕ್ಕಹನುಮಂತಪ್ಪ ಒಪ್ಪಿದ್ದಾರೆಯೇ ಎಂದು ಅವನು ಕೇಳಿದ. ನೆನೆದ ಹೊಸಿಲನ್ನು ಅವರೂ ನೋಡಿದ್ದಾರೆ ಎಂದರು ಮೂಕಮ್ಮ.

"ಆ ಸೀರೆ ಬಿಚ್ಚಿಬಿಡಪ್ಪ. ದೀಪ ಹಾಕು."

ಅವನು ಕನ್ನಡಕ ತೆಗೆದ, ಗಲ್ಲ ಇಳಿಸಿದ, ಸೀರೆ ಅಳಿಸಿದ. ಚೂಡಿದಾರಿನ ಹುಡುಗಿ ಮತ್ತೆ ಬಂದಳು, ಪರೀಕ್ಷೆಗೆ ಹೊತ್ತಾಯಿತೆಂಬ ಮುಖ ಮಾಡಿಕೊಂಡು. ಮೂಕಮ್ಮ ಪರದೆಯ ಮೇಲೆ ಅವಳ ಕೆನ್ನೆ ಮುಟ್ಟಿದರು. ಎಡಕ್ಕೊಂದು ಬಲಕ್ಕೊಂದು ದೀಪ ಬಂತು. ವಾರ್ಡನ್ ಎಂಬುದು ಹೋಯಿತು. ಊರಿನ ಜಾಗಕ್ಕೆ ಬಂದಾಗ ಅವನ ಕೈ ನಿಂತಿತು. ತೀರಿಕೊಂಡವರ ಕೆಳಗೆ ಯಾವ ಊರು ಬರುತ್ತದೆ ಎಂಬುದನ್ನು ಮೂಕಮ್ಮನಿಗೆ ಹೇಗೆ ತಿಳಿಸುವುದೆಂದು ತೋಚದೆ, ಊರು ಏನೆಂದು ಬರೆಯಲಿ ಅಮ್ಮ ಎಂದು ಮೆಲ್ಲಗೆ ಕೇಳಿದ.

"ಇಷ್ಟು ವರ್ಷ ನೀವು ಬರೆದ್ರಿ. ಇದೊಂದು ನಾನು ಹೇಳ್ತೀನಿ," ಎಂದರು ಮೂಕಮ್ಮ. "ಸೂಳೆಕೆರೆ."

ಮರುದಿನ ಕೆರೆ ಕೋಡಿ ಬೀಳುವಷ್ಟು ತುಂಬಿತ್ತು. ಮಹೇಶ್ವರಪ್ಪ, ರಮ್ಯಶ್ರೀ, ಎಲ್ಲರೂ ಬಂದಿದ್ದರು. ಫ್ಲೆಕ್ಸು ನೋಡಿದವರು ಯಾರೂ ಯಾರ ಹೆಗಲ ಮೇಲೂ ಕೈ ಹಾಕಲಿಲ್ಲ. ತಮ್ಮ ಬಡ್ತಿ, ತಮ್ಮ ವರ್ಗಾವಣೆ ಓದಿಕೊಳ್ಳಲೂ ಇಲ್ಲ. ಆ ಒಂದು ಫೋಟೋದ ಮುಂದೆಯೇ ನಿಂತರು. ಮಹೇಶ್ವರಪ್ಪ ಮೂಕಮ್ಮನ ಕಾಲು ಮುಟ್ಟಲು ಬಗ್ಗಿದ, ಅವರು ಬೇಡವೆಂದು ಹಿಂದೆ ಸರಿದರು. ಆಮೇಲೆ ಚಪ್ಪಲಿ ಬಿಟ್ಟು ಮೆಟ್ಟಿಲಿಳಿದು, ಕ್ಯಾರಿಯರ್ ಬಿಚ್ಚಿ, ಎಲೆಯ ಮೇಲೆ ಮುದ್ದೆ ಇಟ್ಟು ಸಾರು ಹಾಕಿ, ನೀರಿನ ಅಂಚಿನಲ್ಲಿಟ್ಟು ಬಂದರು. ಮೂಕಮ್ಮ ಫ್ಲೆಕ್ಸನ್ನೊಮ್ಮೆ ನೋಡಿದರು, ಕೆರೆಯನ್ನೊಮ್ಮೆ ನೋಡಿದರು.

"ಯಾಕಪ್ಪ ನಮ್ಮ ಕಡೆ ಕಟ್ಟೀಯ? ಆ ಕಡೆ ತಿರುಗಿಸು. ಅವಳು ಓದಬೇಕಲ್ಲ," ಎಂದರು ಕೆಂಚೇಶನಿಗೆ.

ಕೆಂಚೇಶ ಹಗ್ಗ ಬಿಚ್ಚಿದ. ಇಬ್ಬರು ಬಂದು ಕೋಲು ಹಿಡಿದರು. ಫ್ಲೆಕ್ಸನ್ನು ನೀರಿಗೆ ಮುಖ ಮಾಡಿ ಕಟ್ಟಿದರು. ಈ ಕಡೆ ನಿಂತವರಿಗೆ ಇನ್ನು ಯಾರ ಮುಖವೂ ಯಾರ ಕೆಲಸವೂ ಕಾಣುತ್ತಿರಲಿಲ್ಲ, ಬರೀ ಬಿಳಿಯ ಬೆನ್ನು. ಬೆಳಗ್ಗೆಯಿಂದ ಬೀಸುತ್ತಿದ್ದ ಗಾಳಿ ಆಗ ನಿಂತಿತು. ಓದಿ ಮುಗಿಸಲು ಬೇಕಾಗುವಷ್ಟು ಹೊತ್ತು ಅವರೆಲ್ಲ ಕಾದರು. ಆಮೇಲೆ ಮೂಕಮ್ಮ ಮೆಟ್ಟಿಲಿಳಿದು ಹೋಗಿ, ಖಾಲಿಯಾಗಿದ್ದ ಎಲೆಯನ್ನು ಎತ್ತಿಕೊಂಡು ಬಂದರು.